ಹೃದಯ ಜಯದೇವಕ್ಕೆ, ಮಿದುಳು ನಿಮ್ಹಾನ್ಸ್‌ಗೆ. ರಕ್ತನಾಳ ಯಾರ ಪಾಲಿಗೆ?

ಬೆಂಗಳೂರಿನ ದೊಡ್ಡಾಸ್ಪತ್ರೆಗಳು ಮನುಷ್ಯನ ದೇಹವನ್ನು ತಮ್ಮತಮ್ಮಲ್ಲೇ ಪಾಲು ಮಾಡಿಕೊಂಡಿವೆ. ಹೃದಯ ಜಯದೇವಕ್ಕೆ, ಮಿದುಳು ನಿಮ್ಹಾನ್ಸ್‌ಗೆ, ಕಣ್ಣು ಮಿಂಟೋಗೆ, ಕಿಡ್ನಿ ವಿಕ್ಟೋರಿಯಾ ಆವರಣದ ನೆಫ್ರೋ-ಯುರಾಲಜಿ ಸಂಸ್ಥೆಗೆ. ಪರಿಣತಿ ಬೆಳೆಯುವುದೇ ಹೀಗೆ, ಅದರಲ್ಲಿ ದೂರುವಂಥದ್ದೇನೂ ಇಲ್ಲ. ಆದರೆ ಹದಿನೈದು ವರ್ಷದಿಂದ ಶುಗರ್ ಇರುವ, ಐವತ್ತೈದರ ಆಸುಪಾಸಿನ ಒಬ್ಬರ ಕೈಚೀಲವನ್ನು ಬಿಚ್ಚಿ ನೋಡಿ. ಜವಳಿ ಅಂಗಡಿಯ ಆ ಚೀಲದಲ್ಲಿ ಅಕ್ಷರ ಮಾಸಿದ ಇಸಿಜಿ ಹಾಳೆ, ಆಂಜಿಯೋಗ್ರಾಂ ಸಿಡಿ, ಕಣ್ಣಿಗೆ ಲೇಸರ್ ಮಾಡಿಸಿಕೊಂಡ ಚೀಟಿ, ಕಿಡ್ನಿ ಸೋತಾಗ ಏರುವ ಕ್ರಿಯಾಟಿನಿನ್ 1.8 ಎಂದು ದಪ್ಪಕ್ಷರದಲ್ಲಿ ಹೊಡೆದ ಲ್ಯಾಬ್ ರಿಪೋರ್ಟು, ಕಾಲು ಜೋಮಿಗೆ ಬರೆದುಕೊಟ್ಟ ಮಾತ್ರೆ ಎಲ್ಲವೂ ಇರುತ್ತವೆ. ಒಂದೊಂದಕ್ಕೂ ಒಂದೊಂದು ಓಪಿ ನಂಬರು. ಸಾಲು ಅಷ್ಟುದ್ದ ನಿಂತಿರುವಾಗ ಹೃದಯದ ಡಾಕ್ಟರಿಗೆ ಕಣ್ಣಿನ ಚೀಟಿ ನೋಡಲು ಪುರುಸೊತ್ತಿರುವುದಿಲ್ಲ, ಕಣ್ಣಿನವರು ಮೂತ್ರದ ರಿಪೋರ್ಟು ಕೇಳುವುದಿಲ್ಲ, ಕಾಲುಚೀಲ ಬಿಚ್ಚಿ ಎಂದು ಯಾರೂ ಹೇಳುವುದಿಲ್ಲ.

ಆ ಚೀಲದಲ್ಲಿರುವುದು ಬಹುಪಾಲು ಒಂದೇ ಕಾಯಿಲೆಯ ಕಾಗದಗಳು ಎಂದು ನಾಲ್ಕು ದಶಕಗಳ ಸಂಶೋಧನೆ ಹೇಳುತ್ತ ಬಂದಿದೆ. ರಕ್ತನಾಳದ ಗೋಡೆ ಕೆಡುತ್ತದೆ. ಎಲ್ಲಿ ಮೊದಲು ಸೋಲುತ್ತದೋ ಆ ಅಂಗದ ಹೆಸರು ರೋಗಕ್ಕೆ ಬರುತ್ತದೆ. ಪೂರ್ತಿ ಒಂದೇ ಎನ್ನುವಂತಿಲ್ಲ, ಅಂಗದಿಂದ ಅಂಗಕ್ಕೆ ವ್ಯತ್ಯಾಸಗಳಿವೆ, ಆ ವ್ಯತ್ಯಾಸಗಳಲ್ಲೇ ಈಗಿನ ಸಂಶೋಧನೆಯ ಸ್ವಾರಸ್ಯವೂ ಇದೆ. ಆದರೂ ನಮ್ಮ ಆರೋಗ್ಯ ವ್ಯವಸ್ಥೆ ಇನ್ನೂ ಅಂಗದ ಲೆಕ್ಕದಲ್ಲೇ ನಡೆಯುತ್ತಿರುವುದರಿಂದ ಅಗ್ಗದಲ್ಲಿ, ಬೇಗ ಸಿಗಬಹುದಾದ ಸುಳಿವುಗಳು ಕೈತಪ್ಪುತ್ತಿವೆ ಎಂಬುದು ನನ್ನ ವಾದ.

ಗೋಡೆಯ ಕಥೆ

ರಕ್ತನಾಳವೆಂದರೆ ಕಾವೇರಿ ನೀರಿನ ಪೈಪಿದ್ದ ಹಾಗೆ, ಒಳಗೆ ಕೊಬ್ಬು ಕಟ್ಟಿಕೊಳ್ಳುತ್ತದೆ, ಅಲ್ಲೊಂದು ಸ್ಟೆಂಟ್ ತೂರಿಸಿದರೆ ಮತ್ತೆ ಹರಿಯುತ್ತದೆ ಎಂಬುದು ಜನಜನಿತ ತಿಳಿವಳಿಕೆ. ಡಾಕ್ಟರುಗಳೂ ರೋಗಿಗೆ ಹೀಗೇ ಹೇಳಿ ಮುಗಿಸುತ್ತಾರೆ. ತೊಂದರೆಯೇನೆಂದರೆ ಪೈಪಿಗೆ ಜೀವವಿಲ್ಲ, ನಾಳದ ಗೋಡೆಗಿದೆ. ಒಳಮೈಗೆ ಎಂಡೋಥೀಲಿಯಂ ಎಂಬ, ಒಂದೇ ಜೀವಕೋಶದಷ್ಟು ದಪ್ಪದ ಪದರವಿದೆ. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ಮೊಲದ ಮಹಾಪಧಮನಿಯ ತುಂಡುಗಳ ಮೇಲೆ ಪ್ರಯೋಗ ಮಾಡಿ ಒಂದು ವಿಚಿತ್ರ ತೋರಿಸಿದರು: ಈ ಪದರ ಉಳಿದಿದ್ದರೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದಾಗ ನಾಳ ಸಡಿಲವಾಗುತ್ತದೆ, ಪದರ ಕೆರೆದುಹೋಗಿದ್ದರೆ ಸಡಿಲವಾಗುವುದಿಲ್ಲ. ಪದರದಿಂದ ಹೊರಡುತ್ತಿದ್ದ ಆ ಸಂದೇಶವಾಹಕ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಆಮೇಲೆ ಗೊತ್ತಾಯಿತು. 1998ರ ವೈದ್ಯಕೀಯ ನೊಬೆಲ್ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿದ್ ಮುರಾದ್ ಮೂವರಿಗೂ ಸಂದದ್ದು ಇದಕ್ಕೇ.

ನಾಳವನ್ನು ಸಡಿಲಿಸುವುದಷ್ಟೇ ಅಲ್ಲ, ರಕ್ತ ಹೆಪ್ಪುಗಟ್ಟದಂತೆ, ಬಿಳಿ ರಕ್ತಕಣಗಳು ಗೋಡೆಗೆ ಅಂಟಿಕೊಳ್ಳದಂತೆ ನೋಡಿಕೊಳ್ಳುವುದೂ ಈ ಪದರವೇ. ಶುಗರ್, ಬಿಪಿ, ಬೀಡಿ-ಸಿಗರೇಟು, ಕೆಟ್ಟ ಕೊಲೆಸ್ಟರಾಲ್ ಮೊದಲು ಕೆಡಿಸುವುದು ಇದನ್ನೇ. ನೆತ್ತಿಯಿಂದ ಹೆಬ್ಬೆರಳಿನ ತನಕ ಇದೇ ಪದರ ಹಾಸಿಕೊಂಡಿರುವುದರಿಂದ ಕೇಡು ಒಂದು ಕಡೆ ನಿಲ್ಲುವುದಿಲ್ಲ. ಹಾಗಂತ ಎಲ್ಲ ಕಡೆ ಸಮನಾಗಿಯೂ ಹರಡುವುದಿಲ್ಲ. ದೊಡ್ಡ ನಾಳಗಳಲ್ಲಿ ಕೊಬ್ಬಿನ ಗಡ್ಡೆ ಕಟ್ಟುವುದು ಹೆಚ್ಚಾಗಿ ನಾಳ ಕವಲೊಡೆಯುವ, ಬಾಗುವ ಕಡೆಗಳಲ್ಲಿ. ಕುತ್ತಿಗೆಯ ಕೆರೋಟಿಡ್ ನಾಳ ಇಬ್ಭಾಗವಾಗುವಲ್ಲಿ, ಹೃದಯದ ನಾಳ ಕವಲಾಗುವಲ್ಲಿ ರಕ್ತದ ಹರಿವು ಸುಳಿಯಾಗಿ ಒಳಪದರ ಸುಸ್ತಾಗುತ್ತದೆ. ಕಣ್ಣು, ಕಿಡ್ನಿ, ಮಿದುಳಿನ ಆಳದಲ್ಲಿರುವ ಕೂದಲೆಳೆಗಿಂತ ಸಣ್ಣ ನಾಳಗಳಲ್ಲಿ ಗಡ್ಡೆ ಕಟ್ಟುವುದಿಲ್ಲ. ಅಲ್ಲಿ ಗೋಡೆ ದಪ್ಪವಾಗುತ್ತದೆ, ಸೋರುತ್ತದೆ, ಕಡೆಗೆ ಮುಚ್ಚಿಹೋಗುತ್ತದೆ.

ಇನ್ನೊಂದು ಮಾತಿದೆ. ಮಿದುಳಿನ ಸಣ್ಣ ನಾಳಗಳಲ್ಲಿ ಜೀವಕೋಶಗಳು ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ, ರಕ್ತದಲ್ಲಿರುವುದೆಲ್ಲ ಒಳಗೆ ನುಗ್ಗುವಂತಿಲ್ಲ. ಕಿಡ್ನಿಯ ಶೋಧಕದಲ್ಲಿ ಅದೇ ಪದರದ ತುಂಬ ಸಣ್ಣಸಣ್ಣ ಕಿಂಡಿಗಳು, ಸೋಸುವುದೇ ಅದರ ಕೆಲಸ. ಆದ್ದರಿಂದ ಒಂದೇ ಶುಗರ್ ಕಿಡ್ನಿಯಲ್ಲಿ ಮೂತ್ರದ ಪ್ರೋಟೀನಾಗಿ, ಕಣ್ಣಿನಲ್ಲಿ ರಕ್ತದ ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ. ಬಿಪಿ ಜೊತೆಗೂಡಿದರೆ ಮಿದುಳಿನ ಎಂಆರ್‌ಐಯಲ್ಲಿ ಬಿಳಿ ಮಚ್ಚೆಗಳಾಗಿ.

ಮೂತ್ರ ಹೇಳಿದ ಹೃದಯದ ಸುದ್ದಿ

ಅಂಗಗಳ ನಡುವಿನ ಈ ನಂಟನ್ನು ಗಟ್ಟಿಯಾಗಿ ಹೇಳಿದ ಮೊದಲಿಗರಲ್ಲಿ ಡೆನ್ಮಾರ್ಕಿನ ಸ್ಟೆನೋ ಆಸ್ಪತ್ರೆಯ ಟಾರ್ಸ್ಟೆನ್ ಡೆಕರ್ಟ್ ಮತ್ತು ಸಂಗಡಿಗರು ಇದ್ದಾರೆ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಸೋರುವುದು ಕಿಡ್ನಿಯೊಂದರ ಸುದ್ದಿಯಲ್ಲ, ದೇಹದ ತುಂಬ ನಾಳಗಳು ಕೆಟ್ಟಿವೆ ಎಂಬುದರ ಗುರುತು ಎಂದು ಅವರು 1989ರಲ್ಲಿ ಬರೆದರು. ಆಗ ಅದು ಊಹೆ. ಇಂದು ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಗ್ರಾಮಿಗೆ 30 ಮಿಲಿಗ್ರಾಂ ದಾಟಿದರೆ ಕಿಡ್ನಿಗಷ್ಟೇ ಅಲ್ಲ, ಹೃದಯಕ್ಕೂ ಅಪಾಯ ಹೆಚ್ಚು ಎಂಬುದು ಪಠ್ಯಪುಸ್ತಕದ ಮಾತು.

ಅದೇ ಸ್ಟೆನೋದವರು ಮುಂದೆ ಮಾಡಿದ ಪ್ರಯೋಗ ನನಗೆ ಈ ಇಡೀ ಕ್ಷೇತ್ರದಲ್ಲೇ ಹೆಚ್ಚು ಮೆಚ್ಚುಗೆಯಾದದ್ದು. ಶುಗರ್ ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಕಾಣಿಸಿಕೊಂಡಿದ್ದ 160 ಜನ, ಅಷ್ಟೇ. ಅರ್ಧ ಜನಕ್ಕೆ ಅಂದಿನ ರೂಢಿಯ ಚಿಕಿತ್ಸೆ, ಇನ್ನರ್ಧಕ್ಕೆ ಶುಗರ್, ಬಿಪಿ, ಕೊಲೆಸ್ಟರಾಲ್, ಆಸ್ಪಿರಿನ್, ಊಟ, ನಡಿಗೆ, ಸಿಗರೇಟು ಬಿಡಿಸುವುದು ಎಲ್ಲವನ್ನೂ ಒಟ್ಟಿಗೆ, ಪಟ್ಟುಹಿಡಿದು. ಸುಮಾರು ಎಂಟು ವರ್ಷ ಹೀಗೆ ನಡೆಸಿ 2003ರಲ್ಲಿ ಲೆಕ್ಕ ಹಾಕಿದಾಗ ಎರಡನೇ ಗುಂಪಿನಲ್ಲಿ ಹೃದಯ-ನಾಳಗಳ ಅನಾಹುತಗಳೂ, ಕಣ್ಣು-ಕಿಡ್ನಿಯ ತೊಂದರೆಗಳೂ ಹತ್ತಿರಹತ್ತಿರ ಅರ್ಧಕ್ಕಿಳಿದಿದ್ದವು. 21 ವರ್ಷದ ನಂತರ ನೋಡಿದರೆ ಆ ಗುಂಪಿನವರು ಸರಾಸರಿ ಸುಮಾರು ಎಂಟು ವರ್ಷ ಹೆಚ್ಚು ಬದುಕಿದ್ದರು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಒಬ್ಬ ಮನುಷ್ಯನ ಎಲ್ಲ ನಾಳಗಳನ್ನೂ ಒಂದೇ ತಂಡ ನೋಡಿಕೊಂಡಿತು.

ಲಕ್ಷಣವೇ ಇಲ್ಲದವರಲ್ಲಿ ಏನು ಕಥೆ? ಸ್ಪೇನಿನ ಮ್ಯಾಡ್ರಿಡ್‌ನಲ್ಲಿ 40ರಿಂದ 54 ವರ್ಷದ, ಆರೋಗ್ಯವಾಗಿಯೇ ಓಡಾಡಿಕೊಂಡಿದ್ದ 4,184 ಬ್ಯಾಂಕ್ ನೌಕರರನ್ನು ಸ್ಕ್ಯಾನ್ ಮಾಡಿದರು. ‘ಪೇಸಾ’ ಎಂಬ ಈ ಅಧ್ಯಯನದಲ್ಲಿ ನೂರಕ್ಕೆ 63 ಜನರಲ್ಲಿ ಎಲ್ಲಾದರೊಂದು ಕಡೆ ನಾಳದ ಗೋಡೆ ಕೆಟ್ಟಿತ್ತು. ಹೆಚ್ಚು ಕಂಡದ್ದು ಹೃದಯದಲ್ಲಲ್ಲ. ಸೊಂಟದಿಂದ ತೊಡೆಗಿಳಿಯುವ ನಾಳಗಳಲ್ಲಿ, ನೂರಕ್ಕೆ 44 ಜನರಲ್ಲಿ. ಕುತ್ತಿಗೆಯಲ್ಲಿ 31, ಹೊಟ್ಟೆಯ ಮಹಾಪಧಮನಿಯಲ್ಲಿ 25. ಹೃದಯದ ನಾಳದಲ್ಲಿ ಸುಣ್ಣ ಕಟ್ಟಿದ್ದು 18 ಜನಕ್ಕೆ ಮಾತ್ರ. ನಾವು ಮಾಸ್ಟರ್ ಹೆಲ್ತ್ ಚೆಕಪ್ ಎಂದು ದುಡ್ಡು ಕೊಟ್ಟು ಹುಡುಕಿಸುವುದು ಕಡೆಯದನ್ನು.

ರೋಗ ಬಂದಾದವರ ಲೆಕ್ಕ ಇನ್ನೂ ಖಾರವಾಗಿದೆ. 44 ದೇಶಗಳ 67 ಸಾವಿರಕ್ಕೂ ಹೆಚ್ಚು ಜನರ ‘ರೀಚ್’ ನೋಂದಣಿಯಲ್ಲಿ, ನಾಳದ ಕಾಯಿಲೆಯ ಲಕ್ಷಣ ಇದ್ದವರ ಪೈಕಿ ಸುಮಾರು ಆರರಲ್ಲಿ ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಕಡೆ ಕಾಯಿಲೆಯಿತ್ತು. ಸಾವು, ಹೃದಯಾಘಾತ, ಪಾರ್ಶ್ವವಾಯು ಅಥವಾ ಅದೇ ಕಾರಣಕ್ಕೆ ಆಸ್ಪತ್ರೆ ಸೇರುವುದು, ಇವೆಲ್ಲ ಕೂಡಿ ಒಂದು ವರ್ಷದಲ್ಲಿ ಒಂದು ಕಡೆ ಕಾಯಿಲೆ ಇದ್ದವರಲ್ಲಿ ನೂರಕ್ಕೆ ಸುಮಾರು 13, ಎರಡು ಕಡೆ ಇದ್ದವರಲ್ಲಿ 21, ಮೂರು ಕಡೆ ಇದ್ದವರಲ್ಲಿ 26.

ಬ್ಲಾಕ್ ಬಿಡಿಸಿದರೆ ಮುಗಿಯಿತೇ?

‘ಎಷ್ಟು ಪರ್ಸೆಂಟ್ ಬ್ಲಾಕ್ ಇದೆಯಂತೆ?’ ಎಂಬುದು ನಮ್ಮಲ್ಲಿ ಆಂಜಿಯೋಗ್ರಾಂ ಆದವರನ್ನು ನೋಡಲು ಹೋದ ನೆಂಟರು ಕೇಳುವ ಮೊದಲ ಪ್ರಶ್ನೆ. 70 ಅಂದರೆ ಗಾಬರಿ, 90 ಅಂದರೆ ಆ ರಾತ್ರಿಯೇ ದುಡ್ಡು ಹೊಂದಿಸುವ ಓಡಾಟ. ಬೇರೆಬೇರೆ ಅಂಗಗಳಲ್ಲಿ ನಡೆದ ಪ್ರಯೋಗಗಳನ್ನು ಸಾಲಾಗಿ ಇಟ್ಟುಕೊಂಡು ಓದಿದರೆ ಈ ಪರ್ಸೆಂಟಿನ ಮೇಲಿನ ಭಕ್ತಿ ಕಡಿಮೆಯಾಗುತ್ತದೆ.

ಮಿದುಳಿನಿಂದ ಶುರು ಮಾಡೋಣ. ತಲೆಯೊಳಗಿನ ದೊಡ್ಡ ನಾಳ ತೀರಾ ಕಿರಿದಾಗಿ ಸಣ್ಣದೊಂದು ಪಾರ್ಶ್ವವಾಯುವೂ ಆದವರಿಗೆ ಸ್ಟೆಂಟ್ ಹಾಕಿದರೆ ಒಳ್ಳೆಯದಲ್ಲವೇ? 2011ರ ‘ಸ್ಯಾಂಪ್ರಿಸ್’ ಪ್ರಯೋಗದಲ್ಲಿ ಸ್ಟೆಂಟ್ ಹಾಕಿಸಿಕೊಂಡವರಲ್ಲಿ 30 ದಿನದೊಳಗೆ ನೂರಕ್ಕೆ 14.7 ಜನಕ್ಕೆ ಮತ್ತೆ ಪಾರ್ಶ್ವವಾಯು ಅಥವಾ ಸಾವು. ಬರೀ ಕಟ್ಟುನಿಟ್ಟಾದ ಔಷಧಿಯ ಮೇಲಿದ್ದವರಲ್ಲಿ 5.8. ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು. ಕಿಡ್ನಿ: ಕಿಡ್ನಿಗೆ ಹೋಗುವ ನಾಳ ಕಿರಿದಾಗಿದ್ದ 900ಕ್ಕೂ ಹೆಚ್ಚು ಜನರ ‘ಕೋರಲ್’ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಔಷಧಿಯ ಮೇಲೆ ಸ್ಟೆಂಟ್ ಸೇರಿಸಿದ್ದರಿಂದ ಹೃದಯಕ್ಕಾಗಲಿ ಕಿಡ್ನಿಗಾಗಲಿ ಹೆಚ್ಚುವರಿ ಲಾಭ ಸಿಗಲಿಲ್ಲ. ಹೃದಯ: 2020ರ ‘ಇಸ್ಕೀಮಿಯಾ’ ಪ್ರಯೋಗ, 5,179 ಜನ. ತಕ್ಷಣದ ಅಪಾಯವಿಲ್ಲದ, ಸ್ಥಿರವಾದ ಹೃದಯನಾಳ ಕಾಯಿಲೆ ಇದ್ದವರಿಗೆ ಮೊದಲೇ ಆಂಜಿಯೋಗ್ರಾಂ ಮಾಡಿ ಸ್ಟೆಂಟೋ ಬೈಪಾಸೋ ಮಾಡಿದ್ದಕ್ಕೂ, ಔಷಧಿಯಿಂದ ಆರಂಭಿಸಿದ್ದಕ್ಕೂ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎದೆನೋವಿನ ಉಪಶಮನದಲ್ಲಿ ಮಾತ್ರ ಸ್ಟೆಂಟ್ ಗೆದ್ದಿತು, ಅದೇನೂ ಸಣ್ಣದಲ್ಲ. ಎಡ ಮುಖ್ಯನಾಳದಲ್ಲಿ ದೊಡ್ಡ ಅಡಚಣೆ ಇದ್ದವರನ್ನು ಈ ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಮೂರು ಅಂಗ, ಮೂರು ತಂಡ, ಪಾಠ ಹತ್ತಿರಹತ್ತಿರ ಒಂದೇ. ಆಂಜಿಯೋಗ್ರಾಂನಲ್ಲಿ ಕಾಣುವ ಕಿರಿದಾದ ಜಾಗ ಕಾಯಿಲೆಯ ಒಂದು ತುಣುಕು. ಹೃದಯಾಘಾತ ಅನೇಕ ಸಲ ಆಗುವುದು ಅಷ್ಟೇನೂ ಕಿರಿದಾಗಿಲ್ಲದ ಕಡೆ, ಮೆತ್ತಗಿನ ಗಡ್ಡೆಯೊಂದು ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ಇದನ್ನು ಓದಿ ಯಾರೂ ಹೃದಯಾಘಾತವಾದಾಗ ಸ್ಟೆಂಟ್ ಬೇಡವೆನ್ನಬಾರದು. ನಾಳ ಹಠಾತ್ತನೆ ಮುಚ್ಚಿಹೋದಾಗ ಲೆಕ್ಕವೇ ಬೇರೆ, ಆಗ ಎಷ್ಟು ಬೇಗ ತೆರೆದರೆ ಅಷ್ಟು ಜೀವ. ಮಿದುಳಿನ ದೊಡ್ಡ ನಾಳಕ್ಕೆ ಹೆಪ್ಪು ಸಿಕ್ಕಿಕೊಂಡಾಗ ತೊಡೆ ಅಥವಾ ಕೈಯ ನಾಳದ ಮೂಲಕ ಹೋಗಿ ಅದನ್ನು ಎಳೆದು ತೆಗೆದರೆ ಕೈಕಾಲು ಉಳಿಯುತ್ತದೆ ಎಂಬುದು 2015ರಲ್ಲಿ ಒಂದರ ಹಿಂದೊಂದರಂತೆ ಬಂದ ಪ್ರಯೋಗಗಳಿಂದ ಇತ್ಯರ್ಥವಾಗಿದೆ. ನನ್ನ ತಕರಾರಿರುವುದು ಲಕ್ಷಣವೇ ಇಲ್ಲದವರಿಗೆ ಹಬ್ಬದ ರಿಯಾಯಿತಿಯಲ್ಲಿ ಸ್ಕ್ಯಾನ್ ಮಾಡಿ, ಪರ್ಸೆಂಟ್ ತೋರಿಸಿ ಹೆದರಿಸುವ ಪ್ಯಾಕೇಜುಗಳ ಬಗ್ಗೆ.

ಒಂದು ಮಾತ್ರೆ, ಹಲವು ಅಂಗ

ಕಾಯಿಲೆ ಒಂದೇ ಆದರೆ ಔಷಧಿಯೂ ಒಂದೇ ಸಾಕಲ್ಲವೇ ಎಂಬ ಪ್ರಶ್ನೆ ಬರುವುದು ಸಹಜ. ಉತ್ತರ ಹೌದು ಮತ್ತು ಇಲ್ಲಗಳ ನಡುವೆ ಎಲ್ಲೋ ಇದೆ.

ಹೌದು ಎನ್ನುವುದಕ್ಕೆ ಅಚ್ಚರಿಯ ಉದಾಹರಣೆ ಗ್ಲಿಫ್ಲೋಜಿನ್ ಗುಂಪಿನ ಶುಗರ್ ಮಾತ್ರೆಗಳು. ಹಿಂದೊಂದು ಶುಗರ್ ಮಾತ್ರೆಯಿಂದ ಹೃದಯಕ್ಕೆ ಹಾನಿಯಾಗುತ್ತದೆಂಬ ಗುಲ್ಲೆದ್ದ ಮೇಲೆ, ಹೊಸ ಶುಗರ್ ಔಷಧಿಗಳೆಲ್ಲ ಹೃದಯಕ್ಕೆ ಸುರಕ್ಷಿತವೆಂದು ತೋರಿಸಬೇಕು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಹೇಳಿತು. ಸುರಕ್ಷಿತವೇ ಎಂದು ನೋಡಲು ಹೊರಟವರಿಗೆ 2015ರಲ್ಲಿ ಸಿಕ್ಕಿದ್ದು ಬೇರೆಯೇ ಫಲ: ಎಂಪಾಗ್ಲಿಫ್ಲೋಜಿನ್ ತೆಗೆದುಕೊಂಡವರಲ್ಲಿ ಹೃದಯ-ನಾಳದ ಸಾವುಗಳು ಶೇಕಡ 38ರಷ್ಟು ಕಡಿಮೆ. 2020ರಲ್ಲಿ ಡಾಪಾಗ್ಲಿಫ್ಲೋಜಿನ್ ಶುಗರ್ ಇಲ್ಲದವರ ಕಿಡ್ನಿಯನ್ನೂ ಕಾಪಾಡುತ್ತದೆಂದು ಗೊತ್ತಾಯಿತು. ಕಿಡ್ನಿ ಸಕ್ಕರೆಯನ್ನು ವಾಪಸು ಹೀರಿಕೊಳ್ಳದಂತೆ ತಡೆಯುವ ಈ ಮಾತ್ರೆ ಅದರ ಶೋಧಕಗಳ ಒಳ ಒತ್ತಡವನ್ನೂ ಇಳಿಸುತ್ತದೆ. ಹೃದಯಕ್ಕೆ ಅದರಿಂದ ಅಷ್ಟೊಂದು ಲಾಭ ಹೇಗೆ ಎಂಬ ಚರ್ಚೆ ಮುಗಿದಿಲ್ಲ. ನಮ್ಮ ದೇಶದಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿದು ಬೆಲೆ ಇಳಿದಿದೆ. ಹೃದಯ, ಕಿಡ್ನಿ, ಚಯಾಪಚಯ ಮೂರನ್ನೂ ಸೇರಿಸಿ ಒಂದೇ ರೋಗಸಮೂಹವಾಗಿ ನೋಡಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ಸಲಹೆ ಕೊಟ್ಟಿದ್ದರ ಹಿಂದೆ ಇಂಥ ಮಾತ್ರೆಗಳ ಪಾತ್ರವೂ ಇದೆ.

ಇಲ್ಲ ಎನ್ನುವುದಕ್ಕೆ ಕಾಲ್ಚಿಸಿನ್ ಸಾಕು. ಕೀಲುನೋವಿನ ಈ ಹಳೆಯ, ಅಗ್ಗದ ಮಾತ್ರೆ ಉರಿಯೂತ ತಗ್ಗಿಸುತ್ತದೆ. ನಾಳದ ಗೋಡೆ ಕೆಡುವುದರಲ್ಲಿ ಉರಿಯೂತದ ಕೈವಾಡ ಇರುವುದರಿಂದ ಅದನ್ನು ಹೃದಯಕ್ಕೆ ಕೊಟ್ಟು ನೋಡಿದರು. 2020ರಲ್ಲಿ ಸ್ಥಿರ ಹೃದಯರೋಗಿಗಳಲ್ಲಿ ಅನಾಹುತಗಳು ಶೇಕಡ 31ರಷ್ಟು ಇಳಿದವು, ಎಲ್ಲರೂ ಹಿಗ್ಗಿದರು. 2024ರಲ್ಲಿ ಆಗಷ್ಟೇ ಹೃದಯಾಘಾತವಾದ ಏಳು ಸಾವಿರ ಜನರಿಗೆ ಕೊಟ್ಟಾಗ ಏನೂ ಪ್ರಯೋಜನವಾಗಲಿಲ್ಲ. ಅದೇ ವರ್ಷ ಪಾರ್ಶ್ವವಾಯುವಾದವರ ಎರಡು ದೊಡ್ಡ ಪ್ರಯೋಗಗಳಲ್ಲೂ ಸ್ಪಷ್ಟ ಲಾಭ ಕಾಣಲಿಲ್ಲ. ರಕ್ತ ತೆಳುಮಾಡುವ ರಿವರಾಕ್ಸಬಾನ್ ಕಥೆ ಇವೆರಡರ ನಡುವಿನದು. 27 ಸಾವಿರಕ್ಕೂ ಹೆಚ್ಚು ಜನರ ‘ಕಂಪಾಸ್’ ಪ್ರಯೋಗದಲ್ಲಿ (2017) ಆಸ್ಪಿರಿನ್ ಜೊತೆ ಅದನ್ನು ತೀರಾ ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಹೃದಯ, ಮಿದುಳು, ಕಾಲು ಮೂರಕ್ಕೂ ಒಳ್ಳೆಯದಾಯಿತು. ರಕ್ತಸ್ರಾವ ಹೆಚ್ಚಾಯಿತು. ಹೀಗಾಗಿ ಅದನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ರೋಗಿಯ ನಾಳಗಳು ಎಷ್ಟು ಕಡೆ ಕೆಟ್ಟಿವೆ ಎಂಬುದು ಡಾಕ್ಟರಿಗೆ ಗೊತ್ತಿರಲೇಬೇಕು. ಕಾಲುಚೀಲ ಬಿಚ್ಚಿಸದೆ ಅದು ಗೊತ್ತಾಗುವುದು ಹೇಗೆ?

ನಮ್ಮ ಜನರ ನಾಳಗಳು

ಈ ಕ್ಷೇತ್ರದಲ್ಲಿ ಬೆಂಗಳೂರಿನ ಪಾಲು ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನ, ತಂಬಾಕು, ಬಿಪಿ, ಶುಗರ್, ಸೊಂಟದ ಬೊಜ್ಜು ಮುಂತಾದ ಒಂಬತ್ತೇ ಕಾರಣಗಳು ಜಗತ್ತಿನ ಹೃದಯಾಘಾತದ ಅಪಾಯದ ಶೇಕಡ 90ರಷ್ಟನ್ನು ವಿವರಿಸುತ್ತವೆ ಎಂದು ತೋರಿಸಿತು. ಅದರ ಮುಂದಾಳು ಸಲೀಂ ಯೂಸುಫ್ ಓದಿದ್ದು ನಮ್ಮ ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ವಯಸ್ಸಿನ ಮಧ್ಯಾಂಕ (ಅರ್ಧ ಜನಕ್ಕೆ ಅದಕ್ಕಿಂತ ಮೊದಲೇ ಬರುತ್ತದೆ) 53, ಉಳಿದವರಿಗೆ ಸುಮಾರು 59 ಎಂದು ಹೇಳಿದ್ದೂ ಅದೇ ಅಧ್ಯಯನ. ಸೇಂಟ್ ಜಾನ್ಸ್‌ನ ಡೆನಿಸ್ ಕ್ಸೇವಿಯರ್, ಪ್ರೇಮ್ ಪಯಸ್ ಮತ್ತಿತರರು ದೇಶದ 89 ಆಸ್ಪತ್ರೆಗಳ 20 ಸಾವಿರಕ್ಕೂ ಹೆಚ್ಚು ರೋಗಿಗಳ ‘ಕ್ರಿಯೇಟ್’ ನೋಂದಣಿಯನ್ನು 2008ರಲ್ಲಿ ಪ್ರಕಟಿಸಿದರು. ಎದೆನೋವು ಶುರುವಾದ ಮೇಲೆ ಆಸ್ಪತ್ರೆ ಮುಟ್ಟಲು ಹಿಡಿದ ಸಮಯದ ಮಧ್ಯಾಂಕ 360 ನಿಮಿಷ. ಬಡವರು ಶ್ರೀಮಂತರಿಗಿಂತ ಹೆಚ್ಚು ಸತ್ತರು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡಾಸ್ಪತ್ರೆಯ ತಜ್ಞರಿಗೆ ತೋರಿಸಿ, ಅಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಕಡಿಮೆ ಮಾಡಹೊರಟಿರುವುದು ಆ 360 ನಿಮಿಷವನ್ನು.

ನಮ್ಮವರಿಗೇಕೆ ಇಷ್ಟು ಬೇಗ? ಒಂದು ಸುಳಿವು ಮೈಸೂರಿನಿಂದ ಬಂದಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, ಹುಟ್ಟಿದ ಮಕ್ಕಳ ತೂಕವನ್ನು ದಶಕಗಳಿಂದ ಪುಸ್ತಕದಲ್ಲಿ ಬರೆದಿಟ್ಟುಕೊಂಡಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿದಾಗ (1996), ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನಕ್ಕೆ ಹೃದಯನಾಳದ ಕಾಯಿಲೆಯಿತ್ತು, 3.2 ಕೆಜಿ ಮೀರಿದ್ದವರಲ್ಲಿ 3. ತಾಯಿಯ ಹೊಟ್ಟೆಯಲ್ಲಿದ್ದಾಗಿನ ಕೊರತೆ ಐವತ್ತು ವರ್ಷದ ಆಮೇಲೆ ನಾಳದಲ್ಲಿ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತದೆ ಎಂಬ ವಾದಕ್ಕೆ ಭಾರತದಿಂದ ಸಿಕ್ಕ ದೊಡ್ಡ ಆಧಾರ ಇದು. ಹೆರಿಗೆ ವಾರ್ಡಿನ ಹಳೆಯ ರಿಜಿಸ್ಟರಿನಿಂದ ಇಂಥ ವಿಜ್ಞಾನ ಹುಟ್ಟಬಲ್ಲದು. ಜೀನುಗಳ ಸುಳಿವೂ ಇದೆ. ಮಿದುಳಿನ ಸಣ್ಣ ನಾಳಗಳನ್ನು ಕೆಡಿಸುವ ನಾಚ್3 ಜೀನಿನ ಒಂದು ರೂಪ ಪಾಶ್ಚಾತ್ಯರಿಗಿಂತ ದಕ್ಷಿಣ ಏಷ್ಯಾದವರಲ್ಲಿ ಬಹಳ ಹೆಚ್ಚು, ನೂರಕ್ಕೆ ಒಬ್ಬರ ಹತ್ತಿರ, ಮತ್ತು ಅದು ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ ಎಂದು ಪಾಕಿಸ್ತಾನದ 75 ಸಾವಿರ ಜನರ ಜೀನು ಓದಿದ ತಂಡ 2024ರಲ್ಲಿ ಬರೆದಿದೆ.

2025ರ ಜೂನ್-ಜುಲೈಯಲ್ಲಿ ಹಾಸನದಲ್ಲಿ ಸಾಲುಸಾಲಾಗಿ ಆದ ಹೃದಯಾಘಾತದ ಸಾವುಗಳ ಸುದ್ದಿ ಟಿವಿಯಲ್ಲಿ ಗಂಟೆಗೊಮ್ಮೆ ಬರುತ್ತಿದ್ದಾಗ ಮೈಸೂರು, ಬೆಂಗಳೂರಿನ ಜಯದೇವದ ಮುಂದೆ ಜನ ಮುಂಜಾನೆಯೇ ಸಾಲು ಹಚ್ಚಿದ್ದರು. ಹೆಚ್ಚಿನವರಿಗೆ ಬೇಕಿದ್ದದ್ದು ಒಂದು ಇಸಿಜಿ, ಒಂದು ಎಕೋ, ‘ಏನಿಲ್ಲ, ಹೋಗಿ’ ಎಂಬ ಮಾತು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ, ಆ ಏಪ್ರಿಲ್-ಮೇಯಲ್ಲಿ ದಾಖಲಾಗಿದ್ದ 251 ರೋಗಿಗಳನ್ನು ಅಧ್ಯಯನ ಮಾಡಿ, ಕೋವಿಡ್ ಲಸಿಕೆಗೂ ಇದಕ್ಕೂ ನಂಟು ಕಾಣುತ್ತಿಲ್ಲ ಎಂದಿತು. ಕಂಡದ್ದು ತಂಬಾಕು, ಬಿಪಿ, ಶುಗರ್ ಎಂಬ ಹಳೆಯ ಹೆಸರುಗಳೇ. ಒಂದೇ ಆಸ್ಪತ್ರೆಯ ಎರಡು ತಿಂಗಳ ಲೆಕ್ಕ ಎಲ್ಲ ಪ್ರಶ್ನೆಗೂ ಉತ್ತರವಾಗುವುದಿಲ್ಲ, ನಿಜ. ಆದರೆ ಆ ಸಾಲಿನಲ್ಲಿ ನಿಂತವರಿಗೆ ನಾರ್ಮಲ್ ಇಸಿಜಿಯೊಂದು ಕೊಟ್ಟ ಸಮಾಧಾನ ಅದಕ್ಕಿಂತ ಟೊಳ್ಳು. ಕಾಯಿಲೆ ತೊಡೆಯ ನಾಳದಲ್ಲೋ ಕಿಡ್ನಿಯಲ್ಲೋ ಬೆಳೆಯುತ್ತಿದ್ದರೆ ಇಸಿಜಿ ಏನೂ ಹೇಳುವುದಿಲ್ಲ.

ಶ್ರೀನಿವಾಸಪುರದ ಮಿದುಳುಗಳು

ಅರವತ್ತಕ್ಕೆ ಅರಳು ಮರಳು ಎಂದು ನಾವು ನಕ್ಕು ಸುಮ್ಮನಾಗುವ ಮರೆವಿನ ಹಿಂದೆಯೂ ಎಷ್ಟೋ ಸಲ ಇದೇ ನಾಳದ ಕಾಯಿಲೆ ಇರುತ್ತದೆ. ಮಿದುಳಿನ ಆಳದ ಸಣ್ಣ ನಾಳಗಳು ಮುಚ್ಚಿಕೊಂಡರೆ ಲಕ್ವ ಹೊಡೆಯಬೇಕೆಂದಿಲ್ಲ. ನಡಿಗೆ ನಿಧಾನವಾಗುತ್ತದೆ, ಲೆಕ್ಕ ತಪ್ಪುತ್ತದೆ, ಮಾತಿಗೆ ಉತ್ತರ ತಡವಾಗುತ್ತದೆ. ಅಮೆರಿಕದ ‘ಸ್ಪ್ರಿಂಟ್’ ಪ್ರಯೋಗದಲ್ಲಿ ಮೇಲಿನ ಬಿಪಿಯನ್ನು 140ರ ಬದಲು 120ರೊಳಗೆ ಇಡಲು ಯತ್ನಿಸಿದಾಗ ಹೃದಯದ ಅನಾಹುತಗಳು ಕಡಿಮೆಯಾದವು. ಅದೇ ಜನರ ನೆನಪಿನ ಶಕ್ತಿಯನ್ನು ಅಳೆದು 2019ರಲ್ಲಿ ಪ್ರಕಟಿಸಿದಾಗ ಮರೆವಿನ ಮೊದಲ ಹಂತವೂ ಶೇಕಡ 19ರಷ್ಟು ಕಡಿಮೆಯಾಗಿತ್ತು. ಪೂರ್ಣಪ್ರಮಾಣದ ಡಿಮೆನ್ಷಿಯಾದಲ್ಲಿ ಕಂಡ ಇಳಿಕೆ ಖಚಿತವೆನ್ನುವಷ್ಟಿರಲಿಲ್ಲ. ಪ್ರಯೋಗ ಬೇಗ ನಿಂತದ್ದೂ ಅದಕ್ಕೊಂದು ಕಾರಣ.

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್ ನೆರವಿನಿಂದ ಬೆಳೆದದ್ದು, ಎರಡು ಅಧ್ಯಯನಗಳನ್ನು ನಡೆಸುತ್ತಿದೆ. ಒಂದು ಬೆಂಗಳೂರು ನಗರದವರದು. ಇನ್ನೊಂದು ಕೋಲಾರ ಜಿಲ್ಲೆಯ, ಮಾವಿಗೆ ಹೆಸರಾದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳದು: 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಗುರಿ. ನೆನಪಿನ ಪರೀಕ್ಷೆ, ರಕ್ತ, ಜೀನು, ಮಿದುಳಿನ ಎಂಆರ್‌ಐ ಎಲ್ಲವೂ ಒಬ್ಬೊಬ್ಬರ ಹೆಸರಿನಲ್ಲಿ ಒಟ್ಟಿಗೆ ಸಿಗುತ್ತವೆ. ಅಕ್ಷರ ಬಾರದವರಿಗೆ, ತೆಲುಗು ಮನೆಮಾತಿನವರಿಗೆ ವಿದೇಶದ ನೆನಪಿನ ಪರೀಕ್ಷೆಗಳು ಒಗ್ಗುವುದಿಲ್ಲ, ಅದನ್ನೆಲ್ಲ ಹೊಂದಿಸಿಕೊಂಡೇ ಕೆಲಸ ಮಾಡಬೇಕು. ಇದರ ಫಲ ಕೈಗೆ ಬರಲು ಇನ್ನೂ ವರ್ಷಗಳು ಬೇಕು. ಫ್ರಾಮಿಂಗ್‌ಹ್ಯಾಂ ಎಂಬ ಅಮೆರಿಕದ ಸಣ್ಣ ಊರಿನಲ್ಲಿ 1948ರಲ್ಲಿ ಐದು ಸಾವಿರ ಜನರಿಂದ ಶುರುವಾದದ್ದೂ ಹೀಗೇ. ಇಂದು ನಮ್ಮ ಡಾಕ್ಟರುಗಳು ಮೊಬೈಲಿನಲ್ಲಿ ಒತ್ತಿ ನೋಡುವ ಅಪಾಯದ ಲೆಕ್ಕಾಚಾರಗಳಿಗೆ ಬುನಾದಿ ಆ ಊರಿನವರ ರಕ್ತ.

ಕಾಲುಚೀಲ ಬಿಚ್ಚಿ

ಹಾಗಾದರೆ ಈಗ, ಈ ಊರಿನಲ್ಲಿ, ಏನು ನೋಡಬಹುದು? ಕಣ್ಣಿನ ಪರದೆಯ ಫೋಟೋ ಒಂದು. ರಕ್ತನಾಳವನ್ನು ಚರ್ಮ ಕೊಯ್ಯದೆ ನೇರವಾಗಿ ನೋಡಬಹುದಾದ ಜಾಗ ದೇಹದಲ್ಲಿ ಅದು. ಬೆಂಗಳೂರಿನದೇ ಫೋರಸ್, ರೆಮಿಡಿಯೊ ಕಂಪನಿಗಳು ಒಯ್ಯಬಹುದಾದಂಥ, ಕಡಿಮೆ ಬೆಲೆಯ ಕ್ಯಾಮೆರಾ ಮಾಡಿವೆ. 2018ರಲ್ಲಿ ಗೂಗಲ್ ತಂಡವೊಂದು ಎರಡೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಜನರ ಇಂಥ ಫೋಟೋಗಳಿಂದ ವಯಸ್ಸು, ಗಂಡೋ ಹೆಣ್ಣೋ, ಸಿಗರೇಟು ಸೇದುತ್ತಾರೋ ಇಲ್ಲವೋ ಎಂಬುದನ್ನೆಲ್ಲ ಕಂಪ್ಯೂಟರಿಗೆ ಊಹಿಸಲು ಕಲಿಸಿತು. ಬೆರಗಾಗುವಂಥದ್ದೇ. ಆದರೆ ಸಿಗರೇಟು ಸೇದುತ್ತೀರಾ ಎಂದು ಬಾಯಿಬಿಟ್ಟು ಕೇಳಿದರೂ ಗೊತ್ತಾಗುತ್ತದೆ. ಇಂಥ ಯಂತ್ರಬುದ್ಧಿ ಚಿಕಿತ್ಸೆಯನ್ನು ಬದಲಿಸಿ ಜೀವ ಉಳಿಸಿತು ಎಂಬ ಪುರಾವೆ ಬರುವ ತನಕ ನಾನು ಮೂತ್ರದ ಆಲ್ಬುಮಿನ್ ಪರೀಕ್ಷೆಯ ಕಡೆಗೇ ಓಟು ಹಾಕುತ್ತೇನೆ.

ಇನ್ನೊಂದು, ಕಾಲಿನ ಬಿಪಿ. ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ ಎಂದು ಹೇಳುವವರನ್ನು ವಯಸ್ಸಾಯಿತು, ವಾಯು ಇರಬೇಕು ಎಂದು ಸಮಾಧಾನ ಮಾಡಿ ಕಳಿಸುತ್ತೇವೆ. ಅಂಥವರನ್ನು ಹತ್ತು ನಿಮಿಷ ಅಂಗಾತ ಮಲಗಿಸಿ, ತೋಳಿಗೂ ಕಣಕಾಲಿಗೂ ಬಿಪಿ ಪಟ್ಟಿ ಸುತ್ತುತ್ತಾರೆ. ಪಾದದ ಮೇಲೆ, ಆಮೇಲೆ ಒಳಗಂಟಿನ ಹಿಂದೆ ಜೆಲ್ ಹಚ್ಚಿ ಪೆನ್ನಿನಂಥ ಡಾಪ್ಲರ್ ಕಡ್ಡಿ ಇಟ್ಟರೆ ಸಣ್ಣ ಸ್ಪೀಕರಿನಲ್ಲಿ ನಾಡಿಯ ಸದ್ದು ‘ಹುಶ್, ಹುಶ್’ ಎಂದು ಕೇಳುತ್ತದೆ. ಪಟ್ಟಿಗೆ ಗಾಳಿ ತುಂಬಿದಾಗ ಸದ್ದು ನಿಲ್ಲುತ್ತದೆ, ಮೆಲ್ಲಗೆ ಗಾಳಿ ಬಿಟ್ಟಾಗ ಮತ್ತೆ ಎಲ್ಲಿ ಕೇಳಿಸುತ್ತದೋ ಅದು ಕಾಲಿನ ಬಿಪಿ. ತೋಳಿನಲ್ಲಿ 140, ಕಣಕಾಲಿನಲ್ಲಿ 98 ಬಂದರೆ ಅನುಪಾತ 0.7. 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿನ ನಾಳ ಕಿರಿದಾಗಿದೆ ಎಂದರ್ಥ, ಹೃದಯ-ಮಿದುಳಿನ ಅಪಾಯವೂ ಹೆಚ್ಚೆಂದು ಅರ್ಥ. ವಸಂತನಗರದ ಮಹಾವೀರ್ ಜೈನ್ ಆಸ್ಪತ್ರೆಯಲ್ಲಿ ನಾಳಗಳಿಗೇ ಮೀಸಲಾದ ಸಂಸ್ಥೆಯೊಂದಿದೆ. ಇಂಥ ಕಡೆ ಇದು ದಿನನಿತ್ಯದ ಕೆಲಸ. ಸಾಮಾನ್ಯ ಕ್ಲಿನಿಕ್ಕುಗಳಲ್ಲಿ ನೋಡಸಿಗುವುದು ಅಪರೂಪ.

ಈ ಪರೀಕ್ಷೆ ಮೋಸ ಮಾಡುವುದೂ ಉಂಟು, ಅದೂ ಅಗತ್ಯ ಹೆಚ್ಚಿರುವವರಿಗೇ. ಬಹಳ ವರ್ಷದ ಶುಗರ್ ಇದ್ದವರಲ್ಲಿ, ಕಿಡ್ನಿ ಸೋತವರಲ್ಲಿ ಕಾಲಿನ ನಾಳದ ನಡುಪದರದಲ್ಲಿ ಸುಣ್ಣ ಕಟ್ಟಿ ಅದು ಗಟ್ಟಿಯಾಗಿರುತ್ತದೆ. ಪಟ್ಟಿ ಎಷ್ಟು ಬಿಗಿದರೂ ಅದುಮಿಕೊಳ್ಳುವುದಿಲ್ಲ. ಅನುಪಾತ 1.4 ದಾಟುತ್ತದೆ, ಅಥವಾ ಕಾಯಿಲೆಯಿದ್ದೂ ನಾರ್ಮಲ್ ಎಂದು ತೋರಿಸುತ್ತದೆ. ಅಂಥವರಿಗೆ ಹೆಬ್ಬೆರಳಿಗೆ ಸಣ್ಣ ಪಟ್ಟಿ ಸುತ್ತಿ ಒತ್ತಡ ಅಳೆಯಬೇಕು, ಬೆರಳಿನ ನಾಳಗಳು ಸಾಮಾನ್ಯವಾಗಿ ಹೀಗೆ ಗಟ್ಟಿಯಾಗುವುದಿಲ್ಲ.

ಮನೆಬಾಗಿಲಿಗೇ ಹೋಗಿ ಬಿಪಿ, ಶುಗರ್ ನೋಡುವ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಆರಂಭವಾದದ್ದು ಕೋಲಾರದಲ್ಲಿ. ಮಿದುಳು ಸಂಶೋಧನಾ ಕೇಂದ್ರದವರು ಓಡಾಡುವ ಶ್ರೀನಿವಾಸಪುರವೂ ಅದೇ ಜಿಲ್ಲೆ. ಆರೋಗ್ಯ ಕಾರ್ಯಕರ್ತೆ ಅಳೆದ ಬಿಪಿ, ಶುಗರ್, ಮೂತ್ರದ ಪರೀಕ್ಷೆ, ಕಣ್ಣಿನ ಫೋಟೋ, ಕಾಲಿನ ಗಾಯ, ಆಮೇಲೆ ಜಯದೇವಕ್ಕೋ ನಿಮ್ಹಾನ್ಸ್‌ಗೋ ಹೋಗಿದ್ದರೆ ಅಲ್ಲಿನ ಡಿಸ್ಚಾರ್ಜ್ ಸಮ್ಮರಿ, ಇವೆಲ್ಲ ಒಬ್ಬ ವ್ಯಕ್ತಿಯ ಹೆಸರಿನ ಒಂದೇ ಸಾಲಿಗೆ ಬರುವಂತಾದರೆ, ಒಂದು ಜಿಲ್ಲೆಯ ಜನರಲ್ಲಿ ಯಾವ ನಾಳ ಮೊದಲು ಕೆಡುತ್ತದೆ, ಎಷ್ಟು ವರ್ಷದ ಮೇಲೆ ಎರಡನೆಯದು ಸೋಲುತ್ತದೆ ಎಂದು ಕೇಳಬಹುದು. ಮ್ಯಾಡ್ರಿಡ್‌ನ ಬ್ಯಾಂಕ್ ನೌಕರರ ಉತ್ತರ ಕೋಲಾರದ ರೈತರಿಗೆ ಹೊಂದುತ್ತದೆಂದು ನಂಬಲು ಕಾರಣವಿಲ್ಲ. ಆಭಾ ಸಂಖ್ಯೆ ಎಂಬ ಆರೋಗ್ಯ ಗುರುತು ಇದಕ್ಕೆಂದೇ ಬಂದದ್ದು. ಯಾರ ಅನುಮತಿ ಪಡೆದು ಜೋಡಿಸಬೇಕು, ಆ ಮಾಹಿತಿ ವಿಮಾ ಕಂಪನಿಗಳ ಕೈಸೇರದಂತೆ ಕಾಯುವವರು ಯಾರು ಎಂಬುದನ್ನು ಆರೋಗ್ಯ ಇಲಾಖೆ ಮೊದಲು ಬರೆದು ತೋರಿಸಲಿ.